ಆರು ಮಿಲಿಮೀಟರ್

ಒಂದು ಕಾಲು ಗಿಡ್ಡವಿರುವವರಿಗೆ ನಮ್ಮ ಕಾರ್ಖಾನೆಯಲ್ಲಿ ಎತ್ತರದ ಅಟ್ಟೆಯ ಶೂ ಮಾಡುತ್ತೇವೆ. ಅಟ್ಟೆ ಉಜ್ಜುವವಳು ನಾನು. ಆಸ್ಪತ್ರೆಗಳು ಕಳಿಸುವ ಅಳತೆಯನ್ನು ಓದಿ ಕತ್ತರಿಸುವ ಯಂತ್ರಕ್ಕೆ ಒಪ್ಪಿಸುವ ಪ್ರೋಗ್ರಾಮ್ ಬರೆದವನು ಮೂಲೆಯ ಕೋಣೆಯಲ್ಲಿ ಕೂರುತ್ತಾನೆ. ನಾವಿಟ್ಟ ಹೆಸರು ಮೂಗಬಸವ. ಕೇಳಿದ್ದಕ್ಕೆ ಹೂಂ, ಇಲ್ಲದಿದ್ದರೆ ಉಹೂಂ. ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲಂತೂ ಅದೂ ಇಲ್ಲ. ಗೋಡೆಗೆ ಮುಖ ಮಾಡಿ ಒಬ್ಬನೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ.

ಒಂದು ದಿನ ಒಬ್ಬರು ಮೇಷ್ಟ್ರು ಶೂ ಕೈಯಲ್ಲಿ ಹಿಡಿದು ಬಂದರು.

"ಹಾಕ್ಕೊಂಡು ವರ್ಷಾನೇ ಆಯ್ತಮ್ಮ, ಇನ್ನೂ ಕುಂಟ್ತಾನೇ ಇದ್ದೀನಿ. ನನ್ನ ಕಾಲೇ ಸರಿ ಇಲ್ಲ ಅಂದ್ಕೊಂಡು ಸುಮ್ಮನಿದ್ದೆ."

ನನಗೆ ಮೈಯೆಲ್ಲ ಉರಿಯಿತು. ನನ್ನ ಕೆಲಸಕ್ಕೆ ಹೆಸರಿಡುವುದೇ? ಅಳೆದು ನೋಡಿದೆ. ಸರಿಯಾಗಿ ಎರಡು ಸೆಂಟಿಮೀಟರ್, ಯಂತ್ರ ಹೇಳಿದಷ್ಟೇ. ಆದರೆ ಡಾಕ್ಟರ ಚೀಟಿಯಲ್ಲಿ 2,8 ಎಂದಿತ್ತು. ಆ ಡಾಕ್ಟರು ಓದಿ ಬಂದ ಹೊರದೇಶದಲ್ಲಿ ದಶಾಂಶಕ್ಕೆ ಚುಕ್ಕೆಯ ಬದಲು ಕಾಮಾ ಹಾಕುತ್ತಾರಂತೆ. ಚೀಟಿ ಹಿಡಿದು ನೇರ ಮೂಲೆಯ ಕೋಣೆಗೆ ನುಗ್ಗಿದೆ.

"ಅಲ್ಲ ಕಣಪ್ಪ, ಆ ಕಾಮಾ ಅಳಿಸಿ ಬಿಸಾಕೋಕೆ ನಿನ್ನ ಪ್ರೋಗ್ರಾಮಿಗೆ ಏನು ರೋಗ?"

"ಅಳಿಸಿದ್ರೆ ಇಪ್ಪತ್ತೆಂಟಾಗುತ್ತೆ ಅಕ್ಕ. ಹಾಗಾದ್ರೂ ಆಗಿದ್ರೆ ಯಾರಾದ್ರೂ ನಕ್ಕು ವಾಪಸ್ ಕಳಿಸ್ತಿದ್ರು. ಇದು ಕಾಮಾ ಹತ್ರ ನಿಂತ್ಬಿಟ್ಟಿದೆ. ಎರಡು ಅಂದು ಸುಮ್ಮನಾಗಿದೆ."

ಹೇಳುತ್ತಾ ಹೇಳುತ್ತಾ ಅವನ ಮುಖ ಬಿಳಿಚಿಕೊಂಡಿತು. ನನಗೂ ಆಗ ಹೊಳೆಯಿತು. ಅವನ ಹೆಂಡತಿಗೂ ಒಂದು ಕಾಲು ಗಿಡ್ಡವಿತ್ತು; ಅವಳ ಶೂ ಮಾಡಿದ್ದು ನಾವೇ, ಚೀಟಿ ಬಂದದ್ದೂ ಅದೇ ಆಸ್ಪತ್ರೆಯಿಂದ.

"ಒಂದು ಕಡೆ ಕುಸಿದ ಹಾಗಾಗುತ್ತೆ ಕಣ್ರೀ ಅಂತಿದ್ಲು," ಎಂದ. "ಅಭ್ಯಾಸ ಆಗುತ್ತೆ ಸುಮ್ನಿರು ಅಂದೆ. ಆಮೇಲೆ ಸಂಜೆ ನನ್ ಜೊತೆ ನಡೆಯೋಕೆ ಬರೋದನ್ನೇ ಬಿಟ್ಬಿಟ್ಲು. ನನ್ ಮೇಲೆ ಮುನಿಸು ಅಂದ್ಕೊಂಡಿದ್ದೆ."

"ಅವಳು ಹೋಗಿದ್ದು ಜ್ವರದಿಂದ ಕಣಪ್ಪ, ಶೂನಿಂದಲ್ಲ," ಎಂದೆ. ಅವನಿಗೆ ಅದು ಕೇಳಿಸಲೇ ಇಲ್ಲ. ಅವಳು ಹೇಳಿದ್ದು ನಿಜವೋ ಅಲ್ಲವೋ, ಅವನಿಗೆ ತಿಳಿಯಬೇಕಿದ್ದದ್ದು ಅಷ್ಟೇ.

ನಾಲ್ಕು ದಿನ ಹಳೆಯ ಚೀಟಿಗಳ ರಾಶಿಯಲ್ಲೇ ಮುಳುಗಿದ. ಯಾವ ಆಸ್ಪತ್ರೆ ಯಾವ ಗುರುತು ಹಾಕುತ್ತದೆಂದು ಬರೆದಿಟ್ಟು, ಅನುಮಾನ ಬಂದರೆ ಯಂತ್ರ ನಿಂತು ಕೇಳುವಂತೆ ಮಾಡಿದ. ತಪ್ಪಾಗಿ ಹೋದ ಜೋಡಿ ಮೂವತ್ತೊಂಬತ್ತು ಎಂದ. ಅಷ್ಟೂ ಮಂದಿಗೆ ತಾನೇ ಫೋನ್ ಮಾಡಿದ. ಹೂಂ ಎನ್ನಲೂ ಬಾಯಿ ಬಾರದವನು, "ತಪ್ಪು ನಿಮ್ಮ ಕಾಲಿಂದಲ್ಲ, ನಂದು" ಎಂದು ಒಬ್ಬೊಬ್ಬರಿಗೂ ಹೇಳುವುದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು.

ಐದನೆಯ ದಿನ ಬೆಳಗ್ಗೆ ನನ್ನ ಮೇಜಿನ ಮೇಲೆ ಹೆಂಗಸರ ಒಂದು ಜೊತೆ ಶೂ ಇಟ್ಟ. ಜೊತೆಗೊಂದು ಚೀಟಿ: 3,6. ಅಟ್ಟೆ ಇದ್ದದ್ದು ಮೂರು.

"ಆರು ಮಿಲಿಮೀಟರ್ ಸೇರಿಸಿ ಕೊಡಿ ಅಕ್ಕ."

"ಯಾರು ಹಾಕ್ಕೋಬೇಕಪ್ಪ ಇದನ್ನ?" ಎಂದುಬಿಟ್ಟೆ. ತಕ್ಷಣ ನಾಲಿಗೆ ಕಚ್ಚಿಕೊಂಡೆ.

"ನಲವತ್ತನೇದು ಇದು. ಇವಳಿಗೊಬ್ಬಳಿಗೆ ಫೋನ್ ಮಾಡೋಕಾಗಲಿಲ್ಲ."

ಮೇಷ್ಟ್ರ ಶೂ ಅರ್ಧ ಆಗಿತ್ತು. ಅದನ್ನು ಬದಿಗಿಟ್ಟು ಇದನ್ನು ಎತ್ತಿಕೊಂಡೆ.