ಕೊಳೆಯ ಲೆಕ್ಕ ಕೇಳಿದವರು

೨೦೨೩ರ ಬಲಿಪಾಡ್ಯಮಿಯ ಮರುದಿನ, ನವೆಂಬರ್ ೧೫, ಬುಧವಾರ. ಅಡುಗೆಮನೆಯ ಗೋಡೆಯಿಂದ ಇಳಿಸಿಟ್ಟ ಹಳೆಯ ಕ್ಯಾಲೆಂಡರ್ ನೋಡಿಕೊಂಡೇ ಬರೆಯುತ್ತಿದ್ದೇನೆ. ಅಂದು ನಮ್ಮ ಮನೆಯೊಡತಿ, ಅರಿಶಿನದ ಕಲೆ ಬಿಡದ ತೋರುಬೆರಳನ್ನು ಏರ್ ಪ್ಯೂರಿಫೈಯರಿನ ಜಾಲರಿಯ ಮೇಲೆ ಎಳೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೆರಳಿಗೆ ಏನೂ ಅಂಟಿರಲಿಲ್ಲ. ಅವರ ಹುಬ್ಬು ಗಂಟಿಕ್ಕಿತು.

ಹಲಸೂರಿನ ಆ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು, ಕೆಳಗೆ ಅವರೊಬ್ಬರೇ. ನಮಗಿಂತ ಹಿರಿಯರು. ಮನೆಮಾತು ತಮಿಳು, ಸಂಶಯ ಮಾತ್ರ ಕನ್ನಡದಲ್ಲಿ. ಸೋಸುವುದೆಂದರೆ ಕೊಳೆ ಎಲ್ಲಾದರೂ ನಿಲ್ಲಲೇಬೇಕು ಎಂಬುದು ಅವರ ಸಿದ್ಧಾಂತ. ಅವರ ಹಳೆಯ ಸ್ಟೀಲ್ ಫಿಲ್ಟರಿನಲ್ಲಿ ನೀರು ಪಿಂಗಾಣಿ ಕ್ಯಾಂಡಲಿನ ಸೂಕ್ಷ್ಮ ರಂಧ್ರಗಳಿಂದ ಇಳಿಯುತ್ತಿತ್ತು, ಮಣ್ಣು ಹೊರಮೈಯಲ್ಲಿ ಉಳಿಯುತ್ತಿತ್ತು. ಶುಕ್ರವಾರ ಅದನ್ನು ತೆಂಗಿನ ನಾರಿನಿಂದ ಉಜ್ಜಿ, ಇಳಿದ ಕಂದುನೀರನ್ನು ನಮ್ಮನ್ನು ಕರೆದು ತೋರಿಸುತ್ತಿದ್ದರು. ನಮ್ಮ ಆರ್‌ಒ ಯಂತ್ರವನ್ನು ಅವರು ಒಪ್ಪಿದ್ದು, ಪೊರೆ ದಾಟಲಾರದ ಲವಣವನ್ನು ಹೊತ್ತು ಹೊರಹೋಗುವ ನೀರಿನ ಕೊಳವೆಯನ್ನು ಕಂಡ ಮೇಲೆ. ಅದರೊಳಗಿನ ಇದ್ದಿಲು ವಾಸನೆಯನ್ನು ತನ್ನ ಕಾಣದ ಕುಳಿಗಳಲ್ಲಿ ಹಿಡಿದಿಡುತ್ತದೆ ಎಂದರೆ, ಕಪ್ಪಗಿರುವುದು ಇನ್ನೇನು ಕೊಳೆ ತೋರಿಸೀತು ಎಂದು ಅದನ್ನು ಮೋಸಗಾರರ ಸಾಲಿಗೆ ಸೇರಿಸಿದರು. ಅಲ್ಲಿ ಅವರು ತಪ್ಪಿದ್ದರು, ತಿದ್ದಲು ನನ್ನಿಂದಾಗಲಿಲ್ಲ. ಅದೇ ಯಂತ್ರದ ನೇರಳಾತೀತ (ಯುವಿ) ದೀಪ ಕೊಳೆ ಹಿಡಿಯುವುದಿಲ್ಲ, ಕ್ರಿಮಿಯನ್ನು ಕೊಲ್ಲುತ್ತದೆ ಎಂದೂ ವಿವರಿಸಿದೆ.

"ಕೊಂದಿದ್ದೇನೋ ಸರಿ ಸಾರ್. ಹೆಣ ಎಲ್ಲಿ?"

ನೀರಿನಲ್ಲೇ ಇರುತ್ತದೆ ಎಂದು ಒಪ್ಪಬೇಕಾಯಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ ಕೈಯಲ್ಲಿದ್ದ ಲೋಟವನ್ನು ಮೆಲ್ಲನೆ ಕೆಳಗಿಟ್ಟಳು.

ಅವಳಿಗೆ ಉಬ್ಬಸ. ದಸರೆಯ ಹೊತ್ತಿಗೆ ಏರ್ ಪ್ಯೂರಿಫೈಯರ್ ತಂದು ಮಂಚದ ಪಕ್ಕ ಇರಿಸಿದ್ದೆವು. ದೀಪಾವಳಿಯ ಪಟಾಕಿ ಹೊಗೆಯಲ್ಲಿ ಅವಳು ಮಲಗಲಾರದೆ, ದಿಂಬಿಗೆ ಒರಗಿ ಕುಳಿತೇ ಉಸಿರಿಗೆ ಹೆಣಗುತ್ತಿದ್ದಳು; ಯಂತ್ರದ ಹಸಿರು ದೀಪ ಉರಿಯುತ್ತಲೇ ಇತ್ತು. ಯಂತ್ರ ಸರಿಯಾಗಿದೆ, ಊರ ಗಾಳಿಯೇ ಕೆಟ್ಟಿದೆ ಎಂಬುದು ನನ್ನ ವಾದ. ಗಂಜಿ ಹಿಡಿದು ಮೇಲೆ ಬಂದ ಮನೆಯೊಡತಿ ಆಗಲೇ ಜಾಲರಿಯ ಮೇಲೆ ಆ ಬೆರಳನ್ನು ಎಳೆದು ನೋಡಿದ್ದು.

"ಮೂರ್ ದಿನದಿಂದ ಹೊಗೆ ಕುಡಿದಿದೆ ಅಂತೀರ. ಕೊಳೆ ಎಲ್ಲಿ ಸಾರ್?"

ಹಿಂಬದಿಯ ಮುಚ್ಚಳ ತೆಗೆಸಿದರು. ಒಳಗೆ ನೆರಿಗೆ ನೆರಿಗೆಯಾದ, ಕಾಗದದಂಥ ಫಿಲ್ಟರು. ಗಾಳಿ ಅದರ ಎಳೆಗಳ ನಡುವೆ ನುಸುಳುವಾಗ ಧೂಳು ಅಲ್ಲಿ ಸಿಕ್ಕಿಕೊಳ್ಳಬೇಕು. ಅದೋ, ಮದುವೆಯ ಪಂಚೆಯಷ್ಟು ಬೆಳ್ಳಗಿತ್ತು. ಅವರು ಉಗುರು ತಾಗಿಸಿದಾಗ ಚರಚರ ಸದ್ದಾಯಿತು. ಕಾರ್ಖಾನೆಯ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಜೋಡಿಸಲು ಬಂದವರು ಬಿಚ್ಚಿರಲಿಲ್ಲ. ಅಷ್ಟು ದಿನವೂ ಫ್ಯಾನು ತಿರುಗಿತ್ತು. ಗಾಳಿ ಫಿಲ್ಟರಿನೊಳಕ್ಕೆ ಹೋಗಿರಲಿಲ್ಲ.

ಕವರ್ ಬಿಚ್ಚದೆ ಸೀರೆ ಉಟ್ಟಂತಾಯಿತು ಎಂದು ನನ್ನನ್ನು ಕುಟುಕಿ, ಹೊದಿಕೆ ಕಿತ್ತು, ಅವರು ಹೆಂಡತಿಯತ್ತ ತಿರುಗಿದರು. "ನೀನ್ ಮಲ್ಕೋ ಕಣಮ್ಮಾ. ಇನ್ಮೇಲೆ ಇದನ್ನ ನಾನ್ ನೋಡ್ಕೋತೀನಿ."

ನೋಡಿಕೊಂಡರು. ತಿಂಗಳು ತಿಂಗಳೂ ಬಂದು ಮುಚ್ಚಳ ತೆರೆಸುತ್ತಿದ್ದರು. ಫಿಲ್ಟರು ಬೂದುಬಣ್ಣಕ್ಕೆ ತಿರುಗಿದ ದಿನ, ಮೊಮ್ಮಗ ಪಾಸಾದಷ್ಟು ಸಂತೋಷಪಟ್ಟರು.

ಕಳೆದ ವರ್ಷ ಅವರು ತೀರಿಕೊಂಡರು. ಪ್ಲಾಸ್ಟಿಕ್ ಬಿಚ್ಚಿದ ಆ ದಿನದಿಂದಲೇ ಉಬ್ಬಸ ಇಳಿಯಿತೆಂದು ನಾವಿಬ್ಬರೂ ಬಂದವರಿಗೆಲ್ಲ ಹೇಳಿದ್ದೇವೆ. ಇದನ್ನು ಬರೆಯುವ ಮುನ್ನ ವೈದ್ಯರ ಚೀಟಿಗಳನ್ನು ತೆಗೆದೆ. ನವೆಂಬರ್ ಕೊನೆಯ ಚೀಟಿಯಲ್ಲಿ ಉಬ್ಬಸ ಇದ್ದಂತೆಯೇ ಇದೆ; ಇಳಿದದ್ದು ಡಿಸೆಂಬರಿನಲ್ಲಿ, ಔಷಧಿ ಬದಲಿಸಿದ ಮೇಲೆ. ನಂಬಲಾಗದೆ ಔಷಧಿ ಅಂಗಡಿಯ ಬಿಲ್ಲಿನೊಡನೆ ತಾಳೆ ನೋಡಿದೆ. ದಿನಾಂಕ ತಪ್ಪಿಲ್ಲ.

ಹೆಂಡತಿಗೆ ತೋರಿಸಿದೆ. ಅವಳು ಓದಿ, ಮಡಿಸಿ, ಹಿಂದಿರುಗಿಸಿದಳು.

"ಇರ್ಬೋದು," ಎಂದಳು. "ಆದ್ರೆ ಅವತ್ತು ಅವ್ರು ಕೆಳಗಿಳಿದು ಹೋದ್ಮೇಲೆ ನಂಗೆ ನಿದ್ದೆ ಬಂತು."