ಬಾಲ ಮುಟ್ಟಿ ನೋಡುವವಳು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಮಕ್ಕಳಾಗದವರಿಗಾಗಿ ಸೂಕ್ಷ್ಮದರ್ಶಕದಡಿ ಒಂದೇ ಒಂದು ವೀರ್ಯಾಣುವನ್ನು ಆರಿಸಿ, ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಅಂಡದೊಳಕ್ಕೆ ಇಳಿಸುವುದು ಇಪ್ಪತ್ತು ವರ್ಷದಿಂದ ಅವಳ ಕೆಲಸ. ತರಕಾರಿ ಅಂಗಡಿಯಲ್ಲಿ ನಾಲ್ಕು ಟೊಮೇಟೊ ಆರಿಸಲು ಅರ್ಧ ಗಂಟೆ ಹಿಡಿಯುವ ಹೆಂಗಸು, ಇಲ್ಲಿ ಲಕ್ಷದಲ್ಲಿ ಒಂದನ್ನು ಕಣ್ಣು ಮಿಟುಕಿಸುವುದರೊಳಗೆ ಹಿಡಿಯುತ್ತಿದ್ದಳು. ಏನು ಹೇಳೋಣ ಇಂಥವರಿಗೆ!

ಅವತ್ತು ಬಂದಿದ್ದವರು ಒಬ್ಬ ಬಸ್ ಡ್ರೈವರ್ ಮತ್ತು ಅವನ ಹೆಂಡತಿ. ಇದು ಮೂರನೇ ಸಲ. ಸಿಕ್ಕಿದ್ದು ಒಂದೇ ಅಂಡ. ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಳು: “ಇದೇ ಕೊನೆ ಅಕ್ಕಾ. ಇನ್ನು ಚುಚ್ಚಿಸಿಕೊಳ್ಳೋಕೆ ನನ್ನ ಕೈಲಾಗಲ್ಲ.”

ಡ್ರೈವರ್ ಮಾತ್ರ ಬಾಗಿಲಲ್ಲಿ ನಿಂತು, “ಮೇಡಂ, ಸ್ಪೀಡಾಗಿರೋದನ್ನೇ ಆರಿಸಿ. ನಮ್ಮ ವಂಶದಲ್ಲಿ ಯಾರೂ ಲೇಟಾಗಿ ಬಂದೋರಲ್ಲ” ಎಂದ.

“ಹೋಗಿ ಕೂತ್ಕೊಳ್ಳಿ ಅಣ್ಣಾ, ಇದು ನಿಮ್ಮ ಬಸ್ಸಲ್ಲ” ಎಂದು ಬಾಗಿಲು ಹಾಕಿಕೊಂಡಳು.

ಒಳಗೆ ನೋಡಿದರೆ ಸ್ಪೀಡೂ ಇಲ್ಲ, ಮಣ್ಣೂ ಇಲ್ಲ. ಒಂದೂ ಅಲುಗುತ್ತಿಲ್ಲ! ಹನಿ ಹನಿಯನ್ನೂ ಜಾಲಾಡಿದಳು. ಸತ್ತದ್ದನ್ನು ಇಳಿಸಿದರೆ ಇದ್ದೊಂದು ಅಂಡವೂ ದಂಡ. ಆ ಹೆಂಗಸಿಗೆ ಯಾವ ಮುಖ ಹೊತ್ತು ಹೇಳುವುದು?

ಇನ್ನುಳಿದದ್ದು ಅತ್ತೆಯ ಪರೀಕ್ಷೆ. ಪುಸ್ತಕದಲ್ಲಿ ಅದಕ್ಕೆ ಬೇರೇನೋ ಹೆಸರಿದೆ, ಇರಲಿ. ಸೂಜಿಯಕ್ಕನ ಗಂಡ ಭಾನುವಾರ ಕೊರಡಿನಂತೆ ಬಿದ್ದುಕೊಂಡು ನಿದ್ದೆಯ ನಾಟಕವಾಡುತ್ತಾನೆ. ಅತ್ತೆ ಮದುವೆಯಾದ ಹೊಸದರಲ್ಲೇ ಗುಟ್ಟು ಹೇಳಿಕೊಟ್ಟಿದ್ದರು: “ಕೂಗಿ ಯಾಕಮ್ಮ ಗಂಟಲು ಹರ್ಕೋತೀಯಾ? ಅಂಗಾಲು ಮುಟ್ಟಿ ನೋಡು. ಎಳ್ಕೊಂಡ್ರೆ ಎಚ್ಚರ ಇದಾನೆ ಅಂತ ಅರ್ಥ.”

ಒಂದೊಂದರ ಬಾಲವನ್ನೂ ಸೂಜಿಯ ತುದಿಯಿಂದ ಮೆಲ್ಲನೆ ಬಾಗಿಸಿದಳು. ಬಾಗಿದ್ದು ಬಾಗಿದಂತೇ ಉಳಿದರೆ ಕಥೆ ಮುಗಿಯಿತು. ಜೀವವಿದ್ದರೆ ಮತ್ತೆ ನೆಟ್ಟಗಾಗುತ್ತದೆ. ನಲವತ್ತು ಮುಟ್ಟಿದಳು. ಊಟದ ಹೊತ್ತು ಮೀರಿತು, ಕುತ್ತಿಗೆ ಹಿಡಿದುಕೊಂಡಿತು. ನಲವತ್ತೊಂದನೆಯದು ಬಾಗಿ, ಚಟ್ಟನೆ ನೆಟ್ಟಗಾಯಿತು.

“ಅಯ್ಯೋ ಕಳ್ಳಾ, ಎಚ್ಚರವಾಗೇ ಇದ್ಯಾ!” ಎಂದವಳು ಅದನ್ನೇ ಹಿಡಿದು ಅಂಡದೊಳಕ್ಕೆ ಇಳಿಸಿದಳು.

ಹತ್ತು ತಿಂಗಳ ಮೇಲೆ ಗಂಡ ಹೆಂಡತಿ ಮಗುವನ್ನೆತ್ತಿಕೊಂಡು ಬಂದರು. ಹೆಂಡತಿ ಸೂಜಿಯಕ್ಕನ ಕೈ ಹಿಡಿದು ಅತ್ತಳು. ಡ್ರೈವರ್‌ನದು ಮಾತ್ರ ದೂರು.

“ಎಂಥದನ್ನ ಆರಿಸಿಕೊಟ್ರಿ ಮೇಡಂ! ಎರಡು ಗುಟುಕು ಹಾಲು ಕುಡಿಯೋದರೊಳಗೆ ನಿದ್ದೆ. ಹಾರನ್ ಹೊಡೆದ್ರೂ ಏಳಲ್ಲ ನನ್ನ ಮಗಳು.”

ಸೂಜಿಯಕ್ಕ ಕಣ್ಣೊರೆಸಿಕೊಂಡು ನಕ್ಕಳು. “ಅಂಗಾಲು ಮುಟ್ಟಿ ನೋಡಿ ಅಣ್ಣಾ.”

ಅವನು ಮುಟ್ಟಿದ. ಮಗು ಕಾಲೆಳೆದುಕೊಂಡು, ಕಣ್ಣು ಬಿಟ್ಟು, ಅಪ್ಪನನ್ನು ದುರುಗುಟ್ಟಿ ನೋಡಿತು.