ರಾಮಸ್ವಾಮಿ ಮೇಷ್ಟ್ರ ಎರಡನೇ ಚೌಕ

ಇಂಜಿನಿಯರಿಂಗ್ ಗಣಿತದಲ್ಲಿ ಮೂರು ಸಲ ಮುಗ್ಗರಿಸಿದವರಿಗೆ ಅಗ್ರಹಾರದ ರಾಮಸ್ವಾಮಿ ಮೇಷ್ಟ್ರ ಟ್ಯೂಷನ್ನೇ ಕೊನೆಯ ಆಸರೆ. ಇಪ್ಪತ್ತೆರಡು ವರ್ಷಗಳಲ್ಲಿ ಅವರು ದಡ ಸೇರಿಸಿದವರಿಗೆ ಲೆಕ್ಕವಿಲ್ಲ. ಆ ಪೈಕಿ ಗಣಿತ ಅರ್ಥವಾದವರು ಮಾತ್ರ ಯಾರೂ ಇಲ್ಲ; ಅಂಥ ದುರಭ್ಯಾಸಕ್ಕೆ ಮೇಷ್ಟ್ರು ಅವಕಾಶ ಕೊಟ್ಟವರೇ ಅಲ್ಲ.

ಸೆಕೆಂಡ್ ಆರ್ಡರ್ ಡಿಫರೆನ್ಷಿಯಲ್ ಈಕ್ವೇಷನ್ ಬಂತೆಂದರೆ ಬೋರ್ಡಿನ ಮೇಲೆ ಮೂರು ಚೌಕ ಎಳೆದು ಒಂದೊಂದರಲ್ಲೂ ಒಂದು ಸಿದ್ಧ ಉತ್ತರ ಬರೆಯುತ್ತಿದ್ದರು. ಸಮೀಕರಣದಿಂದ m ಎಂಬ ಸಂಖ್ಯೆಯ ಎರಡು ಬೆಲೆ ಕಂಡುಹಿಡಿ, ಬೇರೆ ಬೇರೆ ಬಂದರೆ ಮೊದಲ ಚೌಕ, ಎರಡೂ ಒಂದೇ ಆದರೆ ಎರಡನೆಯದು, ಕಾಲ್ಪನಿಕ ಸಂಖ್ಯೆ ಬಂದರೆ ಮೂರನೆಯದು. ಎರಡನೇ ಚೌಕದ ಉತ್ತರದಲ್ಲಿ c₁, c₂ ಎಂಬ ಎರಡು ಸ್ಥಿರಾಂಕಗಳ ಪೈಕಿ c₂ ಪಕ್ಕ ಒಂದು x ಹೆಚ್ಚಿಗೆ ಇರುತ್ತಿತ್ತು. ಯಾಕೆಂದು ಕೇಳಿದರೆ, "ರೂಲು ಕಣೋ, ಬರ್ಕೋ."

ಒಂದು ಭಾನುವಾರ ಯಶೋಧಾ ಎದ್ದು ನಿಂತಳು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಸ್ಕೂಟರಿನ ಶಾಕ್ ಅಬ್ಸಾರ್ಬರ್ ಒತ್ತಿ ಪರೀಕ್ಷಿಸುವ ಕೆಲಸ ಅವಳದು, ಸಂಜೆ ಕಾಲೇಜು.

"ಸಾರ್, y″ + 4y′ + 4y = 0. m ಎರಡು ಸಲಾನೂ −2. x ಇಲ್ದಿದ್ರೆ c₁, c₂ ಕೂಡ್ಕೊಂಡು ಒಂದೇ ನಂಬರ್ ಆಗ್ಬುಡುತ್ತೆ. ಸ್ಪ್ರಿಂಗ್ ಎಷ್ಟು ಒತ್ತಿದ್ವಿ ಅನ್ನೋದೊಂದು, ಯಾವ ವೇಗದಲ್ಲಿ ಬುಟ್ವಿ ಅನ್ನೋದೊಂದು, ಎರಡು ನಂಬರ್ ಬೇಕಲ್ವಾ? ಅದೇನೋ ಸರಿ. ಆದ್ರೆ x ಯಾಕೆ? x² ಯಾಕಾಗ್ಬಾರ್ದು?"

ಮೂವತ್ತು ಪೆನ್ನುಗಳು ನಿಂತವು. ಗೊತ್ತಿಲ್ಲವೆಂದರೆ ಮೇಷ್ಟ್ರ ಇಪ್ಪತ್ತೆರಡು ವರ್ಷದ ಮರ್ಯಾದೆ ಅಲ್ಲೇ ಮಣ್ಣುಪಾಲು.

"ಅದೆಲ್ಲ ಪರೀಕ್ಷೆಗೆ ಬರಲ್ಲ ಕಣಮ್ಮ."

"ಪರ್ವಾಗಿಲ್ಲ ಸಾರ್. ಒಂದ್ಸಲ ಹಾಕಿ ತೋರ್ಸಿ."

ವಿಧಿಯಿಲ್ಲದೆ ಸೀಮೆಸುಣ್ಣ ಹಿಡಿದರು. ಸಮೀಕರಣದಲ್ಲಿ y ಜಾಗಕ್ಕೆ x²e⁻²ˣ ಹಾಕಿದರು, ಎಲ್ಲ ಹೊಡೆದುಹೋದರೂ 2e⁻²ˣ ಮಾತ್ರ ಜಗ್ಗದೆ ಕೂತಿತು. xe⁻²ˣ ಹಾಕಿದರು, ಒಂದೊಂದೇ ಪದ ಹೊಡೆದುಹೋಗಿ ಏನೂ ಉಳಿಯಲಿಲ್ಲ.

"ಸೊನ್ನೆ! ಸೊನ್ನೆ ಬಂತು ಕಣ್ರಯ್ಯಾ!" ಎಂದು ಕೂಗಿಯೇಬಿಟ್ಟರು. ಆ ಕೋಣೆಯಲ್ಲಿ ಸೊನ್ನೆಗೆ ಯಾರೂ ಹೊಸಬರಲ್ಲ. ಅದಕ್ಕೆ ಇಷ್ಟು ಸಂತೋಷಪಟ್ಟವರನ್ನು ನೋಡಿದ್ದು ಮಾತ್ರ ಅದೇ ಮೊದಲು. ಮೇಷ್ಟ್ರಿಗೆ ನಿಜಕ್ಕೂ ಸಂತೋಷವಾಗಿತ್ತು.

ಪಾಠ ಮುಗಿದ ಮೇಲೆ ಯಶೋಧಾಳನ್ನು ಬಾಗಿಲಲ್ಲಿ ತಡೆದರು. "ನಿಂಗೆ ಇದು ಮೊದ್ಲೇ ಗೊತ್ತಿತ್ತು ಅಲ್ವೇನಮ್ಮ? ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ ಸಾರ್. ಶಿಫ್ಟಿಗೆ ಹೋಗ್ವಾಗ ಬಸ್ಸಲ್ಲಿ ಕೂತು ಮಾಡಿದ್ದೆ. ಸರಿಯೋ ತಪ್ಪೋ ನಿಮ್ಮನ್ನೇ ಕೇಳೋಣ ಅನ್ಕೊಂಡೆ. ನೀವು ಯಾವತ್ತೋ ಮಾಡಿ ನೋಡಿರ್ತೀರಲ್ಲ ಸಾರ್."

ಅವಳ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಮೇಷ್ಟ್ರಿಗೆ ನಾಚಿಕೆಯಾಯಿತು. "ಇಲ್ಲ ಕಣಮ್ಮ, ನಾನೂ ಇವತ್ತೇ ಮೊದ್ಲು ಮಾಡಿ ನೋಡಿದ್ದು" ಎಂದರು.